ವಿದ್ಯೆಯ ತಕ್ಕಡಿ
ಕಸುಬಿನ ಶಾಲೆ, ಲಾಭ ಮತ್ತು ಶ್ರಾವಕಧರ್ಮ

ಪ್ರಶ್ನೆಯ ಸ್ವರೂಪ

ಕಲ್ಪವೃಕ್ಷಗಳು ಮರೆಯಾಗಿ ಪ್ರಜೆಗಳು ದಿಕ್ಕುಗಾಣದೆ ನಿಂತ ಕಾಲದಲ್ಲಿ ಭಗವಾನ್ ವೃಷಭದೇವರು ಅವರಿಗೆ ಅಸಿ, ಮಸಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪ ಎಂಬ ಆರು ಜೀವನೋಪಾಯಗಳನ್ನು ಬೋಧಿಸಿದರೆಂದು ಜಿನಸೇನಾಚಾರ್ಯರ ಆದಿಪುರಾಣ ತಿಳಿಸುತ್ತದೆ. ಈ ಆರರಲ್ಲಿ ಶಿಲ್ಪಕ್ಕೂ ಸ್ಥಾನ ದೊರೆತಿರುವುದು ಮನನೀಯವಾದ ಸಂಗತಿ. ಶಿಲ್ಪವೆಂದರೆ ಕೇವಲ ಕಲ್ಲಿನಲ್ಲಿ ವಿಗ್ರಹ ಕೆತ್ತುವುದಲ್ಲ. ಹಸ್ತಕೌಶಲದಿಂದ ಬದುಕುವ ಎಲ್ಲ ಕಸುಬುಗಳೂ ಅದರಲ್ಲಿ ಅಡಗಿವೆ. ಇಂದು ಗ್ಯಾರೇಜಿನಲ್ಲಿ ಎಂಜಿನ್ ಬಿಚ್ಚಿ ಜೋಡಿಸುವವನು, ಲೇತ್ ಯಂತ್ರದ ಮುಂದೆ ನಿಂತು ಉಕ್ಕನ್ನು ಕಡೆಯುವವನು, ಬ್ರೇಕಿನ ಕೊಳವೆಯಲ್ಲಿ ಸೇರಿದ ಗಾಳಿಯನ್ನು ಹೊರದೂಡುವವನು, ಇವರೆಲ್ಲರೂ ಶಿಲ್ಪಜೀವಿಗಳೇ. ಆರನ್ನೂ ಬೋಧಿಸಿದವರು ಆದಿತೀರ್ಥಂಕರರೇ ಆಗಿರುವಾಗ, ಕೈಗೆ ಎಣ್ಣೆ ಹತ್ತುವ ಕೆಲಸ ಕೀಳು, ಲೆಕ್ಕದ ಪುಸ್ತಕ ಬರೆಯುವ ಕೆಲಸ ಮೇಲು ಎಂದು ಎಣಿಸುವುದಕ್ಕೆ ಶ್ರಾವಕನಿಗೆ ಆಧಾರವಿಲ್ಲ.

ಆದರೆ ಈ ಷಟ್ಕರ್ಮಗಳಲ್ಲಿ ವಿದ್ಯೆ, ವಾಣಿಜ್ಯ, ಶಿಲ್ಪ ಎಂಬ ಮೂರೂ ಒಂದೇ ಸೂರಿನ ಕೆಳಗೆ ಸೇರಿದಾಗ ಒಂದು ಕಠಿನವಾದ ಧರ್ಮಸೂಕ್ಷ್ಮ ತಲೆದೋರುತ್ತದೆ. ಶಿಲ್ಪವನ್ನು ವಿದ್ಯೆಯಾಗಿ ಕಲಿಸಿ, ಆ ವಿದ್ಯೆಯನ್ನು ವಾಣಿಜ್ಯವಾಗಿ ನಡೆಸುವ ಸಂಸ್ಥೆಗಳು ಜಗತ್ತಿನಾದ್ಯಂತ ಇವೆ. ಮೋಟಾರು ವಾಹನಗಳ ದುರಸ್ತಿ, ಡೀಸೆಲ್ ಎಂಜಿನ್, ಫಿಟ್ಟರ್, ವೆಲ್ಡರ್ ಮುಂತಾದ ಕಸುಬುಗಳನ್ನು ಶುಲ್ಕ ಪಡೆದು ಕಲಿಸಿ, ಅದರಿಂದ ಬಂದ ಲಾಭವನ್ನು ಒಡೆಯರಿಗೆ ಹಂಚುವ ಶಾಲೆಗಳಿವು. ವಿದ್ಯೆಯನ್ನು ಮಾರಬಹುದೆ? ಮಾರಬಹುದಾದರೆ ಯಾವ ನಿಯಮದಿಂದ? ಲಾಭ ಎಂಬುದು ಇಲ್ಲಿ ದೋಷವೇ, ಅಥವಾ ದೋಷವು ಬೇರೆಲ್ಲೋ ಅಡಗಿದೆಯೆ? ಬಸದಿಗಳ ಟ್ರಸ್ಟುಗಳು ಶಾಲೆ ಕಾಲೇಜುಗಳನ್ನು ನಡೆಸುತ್ತಿರುವ, ಜೈನ ಕುಟುಂಬಗಳು ತಮ್ಮ ದ್ರವ್ಯವನ್ನು ಶಿಕ್ಷಣೋದ್ಯಮದಲ್ಲಿ ತೊಡಗಿಸುತ್ತಿರುವ ಕಾಲದಲ್ಲಿ ಈ ಪ್ರಶ್ನೆ ಕೇವಲ ತರ್ಕಕ್ಕಾಗಿ ಎತ್ತಿದ ಪ್ರಶ್ನೆಯಲ್ಲ.

ದಾನವೋ ವಿಕ್ರಯವೋ

ಮೊದಲು ಪೂರ್ವಪಕ್ಷವನ್ನು ನೋಡಬೇಕು. ಆಹಾರ, ಔಷಧ, ಅಭಯ, ಶಾಸ್ತ್ರ ಎಂಬ ಚತುರ್ವಿಧ ದಾನಗಳಲ್ಲಿ ಶಾಸ್ತ್ರದಾನವೂ ಒಂದು. ಕೊಟ್ಟಷ್ಟೂ ಕಡಿಮೆಯಾಗದ ಜ್ಞಾನವನ್ನು ಬೆಲೆಗೆ ಕೊಡುವುದು ಅಧರ್ಮ. ಆದ್ದರಿಂದ ಶುಲ್ಕ ಪಡೆಯುವ ಶಾಲೆ ಮೂಲತಃ ದೋಷಯುಕ್ತ ಎಂಬುದು ಒಂದು ವಾದ.

ಈ ವಾದದಲ್ಲಿ ಭಾವಶುದ್ಧಿ ಇದೆ, ಆದರೆ ವಿಷಯವಿವೇಚನೆ ಸಾಲದು. ಶಾಸ್ತ್ರದಾನದಲ್ಲಿ ಉದ್ದೇಶಿತವಾದ ಜ್ಞಾನವು ಆತ್ಮಹಿತಕ್ಕೆ ಸಾಧನವಾದುದು. ಅದಕ್ಕೆ ಬೆಲೆ ಕಟ್ಟುವುದು ಸಲ್ಲದು. ಕಸುಬಿನ ವಿದ್ಯೆಯಾದರೋ ಲೌಕಿಕವಾದುದು, ಅರ್ಥಪುರುಷಾರ್ಥಕ್ಕೆ ಸೇರಿದುದು. ಅದು ಬಾಯಿಂದ ಕಿವಿಗೆ ಹರಿಯುವುದೂ ಅಲ್ಲ. ಒಂದು ಮೋಟಾರು ಕಾರ್ಯಾಗಾರವನ್ನು ಕಲಿಕೆಗೆ ಸಜ್ಜುಗೊಳಿಸಬೇಕಾದರೆ ಬಿಚ್ಚಿ ಜೋಡಿಸಲು ಎಂಜಿನ್‌ಗಳು ಬೇಕು, ವಾಹನವನ್ನು ಮೇಲೆತ್ತುವ ಸಾಧನ ಬೇಕು, ಅಳತೆಗೆ ವರ್ನಿಯರ್ ಮತ್ತು ಮೈಕ್ರೋಮೀಟರ್ ಬೇಕು, ವಾಹನದೊಳಗಿನ ಗಣಕದ ದೋಷಸೂಚಿಯನ್ನು ಓದುವ ಸ್ಕ್ಯಾನರ್ ಬೇಕು. ಇವು ಸವೆಯುತ್ತವೆ, ಹಳತಾಗುತ್ತವೆ. ಕಲಿಸುವವನೂ ಸಂಸಾರಿಯೇ. ಆದ್ದರಿಂದ ಶುಲ್ಕವೇ ಪಾಪವೆಂದರೆ ಕಸುಬು ಕಲಿಸುವವರೇ ಇಲ್ಲವಾಗುತ್ತಾರೆ.

ಹಾಗಾದರೆ ಶುಲ್ಕದ ಮೇಲಣ ಲಾಭ? ಗೃಹಸ್ಥನಿಗೆ ವಾಣಿಜ್ಯ ನಿಷಿದ್ಧವಲ್ಲ. ನ್ಯಾಯದಿಂದ ಧನವನ್ನು ಗಳಿಸುವವನೇ ಸಾಗಾರಧರ್ಮಕ್ಕೆ ಅರ್ಹನೆಂದು ಪಂಡಿತ ಆಶಾಧರರು ತಮ್ಮ ಸಾಗಾರಧರ್ಮಾಮೃತದಲ್ಲಿ ಶ್ರಾವಕನ ಗುಣಗಳನ್ನು ಎಣಿಸುವಾಗ ಆರಂಭದಲ್ಲಿಯೇ ಹೇಳುತ್ತಾರೆ. ಹೇಮಚಂದ್ರಾಚಾರ್ಯರ ಯೋಗಶಾಸ್ತ್ರದಲ್ಲಿ ಬರುವ ಮೂವತ್ತೈದು ಗುಣಗಳ ಪಟ್ಟಿಯೂ ಇದರಿಂದಲೇ ತೊಡಗುತ್ತದೆ. ಅಲ್ಲಿ ಒತ್ತು ಬಿದ್ದಿರುವುದು ಧನದ ಮೇಲಲ್ಲ, ನ್ಯಾಯದ ಮೇಲೆ. ಆದ್ದರಿಂದ ವಿಚಾರಿಸಬೇಕಾದುದು ಲಾಭವುಂಟೆ ಇಲ್ಲವೆ ಎಂಬುದನ್ನಲ್ಲ, ಲಾಭವು ಯಾವ ತಕ್ಕಡಿಯಿಂದ ಬಂತು ಎಂಬುದನ್ನು.

ಒಂದು ದೂರದೇಶದ ದೃಷ್ಟಾಂತ

ಲಾಭದ ಕಸುಬಿನ ಶಾಲೆಗಳ ದೀರ್ಘವಾದ ಚರಿತ್ರೆ ಅಮೆರಿಕದಲ್ಲಿ ದೊರೆಯುತ್ತದೆ. ಎರಡನೆಯ ಮಹಾಯುದ್ಧ ಮುಗಿಯುತ್ತ ಬಂದಾಗ, ೧೯೪೪ರಲ್ಲಿ, ಯುದ್ಧದಿಂದ ಮರಳುವ ಯೋಧರ ಶಿಕ್ಷಣದ ವೆಚ್ಚವನ್ನು ಭರಿಸುವ ಕಾಯಿದೆಯನ್ನು ಅಲ್ಲಿನ ಸರ್ಕಾರ ಜಾರಿಗೆ ತಂದಿತು. ಯೋಧರು ಕಸುಬು ಕಲಿಯಲು ಮುಂದಾದರು. ಲಿಂಕನ್ ಟೆಕ್ನಿಕಲ್ ಇನ್‌ಸ್ಟಿಟ್ಯೂಟ್ ೧೯೪೬ರಲ್ಲಿ ನ್ಯೂಆರ್ಕ್ ನಗರದಲ್ಲಿ ಆರಂಭವಾಯಿತು. ಮುಂದೆ ೧೯೬೫ರಲ್ಲಿ ಅರಿಜೋನ ರಾಜ್ಯದ ಫೀನಿಕ್ಸ್‌ನಲ್ಲಿ ಯೂನಿವರ್ಸಲ್ ಟೆಕ್ನಿಕಲ್ ಇನ್‌ಸ್ಟಿಟ್ಯೂಟ್, ೧೯೬೬ರಲ್ಲಿ ವಯೋಮಿಂಗ್ ರಾಜ್ಯದ ಲಾರಮಿ ಎಂಬ ಊರಿನಲ್ಲಿ ವೈಯೋಟೆಕ್ ಎಂದು ಹೆಸರಾದ ಶಾಲೆ ಹುಟ್ಟಿದವು. ಸಾವಿರಾರು ಮಂದಿ ಇಂಥ ಶಾಲೆಗಳಲ್ಲಿ ಕಲಿತು ಅನ್ನ ಸಂಪಾದಿಸಿದರೆಂಬುದನ್ನು ಅಲ್ಲಗಳೆಯಲಾಗದು.

ಆದರೆ ಸರ್ಕಾರದ ಹಣ ಹರಿದೆಡೆಯಲ್ಲಿ ಕಲಿಸುವ ಮನಸ್ಸಿಲ್ಲದವರೂ ಶಾಲೆ ತೆರೆದರು. ಯೋಧನ ಹೆಸರಿನಲ್ಲಿ ಹಣ ಬರುತ್ತಿತ್ತು. ಯೋಧನಿಗೆ ಬಂದುದೇನೆಂದು ಕೇಳುವವರಿರಲಿಲ್ಲ. ಆಗ ೧೯೫೨ರ ಕಾಯಿದೆಯಲ್ಲಿ ಒಂದು ಸರಳವಾದ ನಿಯಮ ಸೇರಿತು: ಒಂದು ಕಲಿಕಾಕ್ರಮದ ವಿದ್ಯಾರ್ಥಿಗಳಲ್ಲಿ ಶೇಕಡಾ ೮೫ಕ್ಕಿಂತ ಹೆಚ್ಚು ಮಂದಿ ಸರ್ಕಾರದ ವೆಚ್ಚದಲ್ಲಿ ಕಲಿಯುವ ಯೋಧರಾಗಿರಬಾರದು. ಅಂದರೆ, ತಮ್ಮ ಸ್ವಂತ ಹಣ ಕೊಟ್ಟು ಅದೇ ವಿದ್ಯೆಯನ್ನು ಕೊಳ್ಳಲು ಒಪ್ಪುವ ಕೆಲವರಾದರೂ ಆ ಶಾಲೆಯಲ್ಲಿರಬೇಕು. ಇದು ಒಂದು ಒರೆಗಲ್ಲು. ೧೯೯೨ರಲ್ಲಿ ಇದೇ ತತ್ತ್ವವನ್ನು ವಿದ್ಯಾರ್ಥಿಸಾಲದ ವಿಷಯಕ್ಕೆ ಅನ್ವಯಿಸಿ, ಲಾಭದ ಶಾಲೆಯ ವರಮಾನದಲ್ಲಿ ಶೇಕಡಾ ೧೫ರಷ್ಟಾದರೂ ಸರ್ಕಾರಿ ಶಿಕ್ಷಣನಿಧಿಯ ಹೊರಗಿನಿಂದ ಬರಬೇಕೆಂದು ವಿಧಿಸಲಾಯಿತು. ೧೯೯೮ರಲ್ಲಿ ಅದನ್ನು ಶೇಕಡಾ ೧೦ಕ್ಕೆ ಇಳಿಸಲಾಯಿತು. ಯೋಧರಿಗೆ ಬರುವ ನೆರವು ಆ ಲೆಕ್ಕದಲ್ಲಿ ‘ಹೊರಗಿನ ಹಣ’ವೆಂದೇ ಎಣಿಕೆಯಾಗುತ್ತಿದ್ದುದರಿಂದ ಒರೆಗಲ್ಲು ಸವೆಯಿತು. ಈ ನುಸುಳುದಾರಿ ೨೦೨೧ರ ಕಾಯಿದೆಯಿಂದ ಮುಚ್ಚಿತು.

ಈ ನಡುವೆ ನಡೆದ ಒಂದು ಪ್ರಕರಣ ಈ ವಿಚಾರಕ್ಕೆ ಮುಖ್ಯವಾದುದು. ೧೯೯೫ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಸ್ಥಾಪಿತವಾದ ಕೊರಿಂಥಿಯನ್ ಕಾಲೇಜಸ್ ಎಂಬ ಕಂಪನಿ ೧೯೯೯ರಲ್ಲಿ ಷೇರುಪೇಟೆಯನ್ನು ಪ್ರವೇಶಿಸಿತು. ೨೦೦೨ರಲ್ಲಿ ಲಾರಮಿಯ ವಾಹನಶಾಲೆಯನ್ನು ಕೊಂಡಿತು. ಶಾಲೆಯ ಮೇಲೆ ಶಾಲೆ ಸೇರಿ, ಉಚ್ಛ್ರಾಯದ ಕಾಲದಲ್ಲಿ ಅದಕ್ಕೆ ನೂರಕ್ಕೂ ಹೆಚ್ಚು ಶಾಖೆಗಳೂ ಒಂದು ಲಕ್ಷಕ್ಕೂ ಮೀರಿದ ವಿದ್ಯಾರ್ಥಿಗಳೂ ಇದ್ದರು. ೨೦೧೪ರ ಸೆಪ್ಟೆಂಬರಿನಲ್ಲಿ ಅಮೆರಿಕದ ಗ್ರಾಹಕ ಹಣಕಾಸು ಸಂರಕ್ಷಣಾ ಸಂಸ್ಥೆ ಅದರ ಮೇಲೆ ದಾವೆ ಹೂಡಿತು. ಉದ್ಯೋಗ ದೊರೆತವರ ಸಂಖ್ಯೆಯನ್ನು ಉಬ್ಬಿಸಿ ತೋರಿಸಲಾಗಿದೆ, ಒಂದು ದಿನ ಮಾತ್ರ ನಡೆದು ಎರಡನೆಯ ದಿನದ ಭರವಸೆಯಷ್ಟೇ ಇದ್ದ ಕೆಲಸವನ್ನೂ ‘ಉದ್ಯೋಗ’ವೆಂದು ಲೆಕ್ಕಕ್ಕೆ ಹಿಡಿಯಲಾಗಿದೆ, ಆ ಸಂಖ್ಯೆಯನ್ನು ನಂಬಿದವರನ್ನು ದುಬಾರಿ ಸಾಲಕ್ಕೆ ಸಿಲುಕಿಸಲಾಗಿದೆ ಎಂಬುದು ಆರೋಪ. ೨೦೧೫ರ ಏಪ್ರಿಲಿನಲ್ಲಿ ಅಲ್ಲಿನ ಶಿಕ್ಷಣ ಇಲಾಖೆ, ಉದ್ಯೋಗದ ಅಂಕಿಗಳನ್ನು ತಪ್ಪಾಗಿ ತೋರಿಸಿದುದಕ್ಕಾಗಿ ೩ ಕೋಟಿ ಡಾಲರ್ ದಂಡ ವಿಧಿಸಿತು. ಅದೇ ತಿಂಗಳು ಕಂಪನಿ ತನ್ನ ಉಳಿದ ೨೮ ಶಾಖೆಗಳನ್ನು ಏಕಾಏಕಿ ಮುಚ್ಚಿತು. ಸುಮಾರು ೧೬,೦೦೦ ವಿದ್ಯಾರ್ಥಿಗಳು ಬೀದಿಗೆ ಬಿದ್ದರು. ೨೦೧೫ರ ಅಕ್ಟೋಬರಿನಲ್ಲಿ ೫೩ ಕೋಟಿ ಡಾಲರಿನ, ೨೦೧೬ರ ಮಾರ್ಚಿನಲ್ಲಿ ಕ್ಯಾಲಿಫೋರ್ನಿಯದ ನ್ಯಾಯಾಲಯದಿಂದ ೧೧೦ ಕೋಟಿ ಡಾಲರಿಗೂ ಮೀರಿದ ತೀರ್ಪುಗಳು ಕಂಪನಿಯ ವಿರುದ್ಧ ಹೊರಬಿದ್ದವು. ಕಡೆಗೆ ೨೦೨೨ರ ಜೂನಿನಲ್ಲಿ ೫,೬೦,೦೦೦ ಮಂದಿಯ ೫೮೦ ಕೋಟಿ ಡಾಲರ್ ಸಾಲವನ್ನು ಸರ್ಕಾರ ಮನ್ನಾ ಮಾಡಿತು.

ಈ ಕಥೆಯಿಂದ ಲಾಭವೇ ಶಾಲೆಯನ್ನು ಕೆಡಿಸುತ್ತದೆಂಬ ತೀರ್ಮಾನಕ್ಕೆ ಧಾವಿಸುವಂತಿಲ್ಲ. ಲಾರಮಿಯ ಶಾಲೆ ೧೯೬೬ರಿಂದಲೂ ಶುಲ್ಕ ಪಡೆದೇ ನಡೆದು, ವಾಹನ ದುರಸ್ತಿಯ ಕಲಿಕೆಗೆ ಹೆಸರು ಗಳಿಸಿತ್ತು. ೨೦೧೮ರಲ್ಲಿ ಅದೇ ಶಾಲೆಯ ಹಿಂದಿನ ಅಧಿಕಾರಿಯೊಬ್ಬರು ಅದನ್ನು ಕೊಂಡು ಮತ್ತೆ ಖಾಸಗಿಯಾಗಿಯೇ ಮುಂದುವರಿಸಿದರು. ಕಸುಬು ಅದೇ, ಊರು ಅದೇ, ಶುಲ್ಕದ ಪದ್ಧತಿಯೂ ಅದೇ. ಹಾಗಿದ್ದರೆ ನಡುವೆ ಕೆಟ್ಟುದೇನು?

ಅತಿಚಾರಗಳ ಬೆಳಕಿನಲ್ಲಿ

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಸತ್ಯಾಣುವ್ರತಕ್ಕೂ ಅಚೌರ್ಯಾಣುವ್ರತಕ್ಕೂ ಐದೈದು ಅತಿಚಾರಗಳನ್ನು ಹೇಳಲಾಗಿದೆ. ಧಾನ್ಯ, ಬಟ್ಟೆ, ಚಿನ್ನದ ವ್ಯಾಪಾರಿಗಾಗಿ ಹೇಳಿದಂತೆ ತೋರುವ ಈ ಅತಿಚಾರಗಳನ್ನು ಕಸುಬಿನ ಶಾಲೆಯ ಮುಂದೆ ಹಿಡಿದರೆ ಅವು ಕನ್ನಡಿಯಂತೆ ವರ್ತಿಸುತ್ತವೆ.

ಸತ್ಯಾಣುವ್ರತದ ಅತಿಚಾರಗಳಲ್ಲಿ ಮಿಥ್ಯೋಪದೇಶ, ಕೂಟಲೇಖಕ್ರಿಯೆ, ನ್ಯಾಸಾಪಹಾರ ಎಂಬ ಮೂರನ್ನು ನೋಡಬಹುದು. ಕೆಲಸ ಖಚಿತವೆಂದು ಹೇಳಿ ಎಳೆಯನನ್ನು ದಾರಿ ತಪ್ಪಿಸುವ ಸಲಹೆ ಮಿಥ್ಯೋಪದೇಶ. ಒಂದು ದಿನದ ಕೂಲಿಯನ್ನು ಉದ್ಯೋಗವೆಂದು ಬರೆದಿಡುವ ದಾಖಲೆ ಕೂಟಲೇಖ. ನ್ಯಾಸವೆಂದರೆ ನಂಬಿ ಇಟ್ಟ ಅಡವು. ಮುಂದೆ ಕಲಿಸುವರೆಂಬ ನಂಬುಗೆಯಿಂದ ಮುಂಗಡವಾಗಿ ತೆತ್ತ ಶುಲ್ಕ ಕಲಿಸಿ ಮುಗಿಯುವವರೆಗೂ ಶಾಲೆಯ ಬಳಿ ಇರುವ ನ್ಯಾಸವೇ ಹೊರತು ಅದರ ಸ್ವತ್ತಲ್ಲ; ಬಾಗಿಲು ಮುಚ್ಚಿ ಅದನ್ನು ಉಳಿಸಿಕೊಳ್ಳುವುದು ನ್ಯಾಸಾಪಹಾರ.

ಅಚೌರ್ಯಾಣುವ್ರತದಲ್ಲಿ ಹೀನಾಧಿಕಮಾನೋನ್ಮಾನ, ಪ್ರತಿರೂಪಕವ್ಯವಹಾರ ಎಂಬ ಎರಡು ಇನ್ನೂ ಸಮೀಪವಾದವು. ಕೊಡುವಾಗ ಕಿರಿದಾದ, ಕೊಳ್ಳುವಾಗ ಹಿರಿದಾದ ಅಳತೆಯನ್ನು ಬಳಸುವುದು ಮೊದಲನೆಯದು. ಆರು ಗಂಟೆಯ ಕಾರ್ಯಾಗಾರವೆಂದು ಶುಲ್ಕ ಪಡೆದು ಎರಡು ಗಂಟೆ ಕಲಿಸುವುದು, ಒಂದೇ ಎಂಜಿನ್ನಿನ ಸುತ್ತ ಇಪ್ಪತ್ತು ಹುಡುಗರನ್ನು ನಿಲ್ಲಿಸುವುದು ಇದೇ ದೋಷ. ಒಂದು ಎಂಜಿನ್ನಿನ ಸುತ್ತ ಇಪ್ಪತ್ತು ಮಂದಿ ನಿಂತರೆ ಕಲಿಯುವವರು ಇಬ್ಬರು, ನೋಡುವವರು ಹದಿನೆಂಟು ಮಂದಿ. ಶುಲ್ಕವನ್ನು ಮಾತ್ರ ಇಪ್ಪತ್ತು ಮಂದಿಯೂ ತೆತ್ತಿರುತ್ತಾರೆ. ಅಸಲಿನಂತೆ ತೋರುವ ನಕಲನ್ನು ಅಸಲಿನ ಬೆಲೆಗೆ ಮಾರುವುದು ಎರಡನೆಯದು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಇದನ್ನು ಸದೃಶವಸ್ತುಗಳ ಮಿಶ್ರಣವೆಂದು ಹೆಸರಿಸಿದ್ದಾರೆ. ೨೦೨೦ರ ಏಪ್ರಿಲ್ ೧ರಿಂದ ಭಾರತದಲ್ಲಿ ಬಿ.ಎಸ್. ೬ ಮಾಲಿನ್ಯಮಾನ ಜಾರಿಗೆ ಬಂದ ಮೇಲೆ ದ್ವಿಚಕ್ರ ವಾಹನಗಳೂ ಕಾರ್ಬ್ಯುರೇಟರನ್ನು ಬಿಟ್ಟು ವಿದ್ಯುನ್ಮಾನ ಇಂಧನಸಿಂಚನಕ್ಕೆ ಹೊರಳಿದವು. ಹಳೆಯ ಕಾರ್ಬ್ಯುರೇಟರನ್ನಷ್ಟೇ ಬಿಚ್ಚಿ ತೋರಿಸಿ ‘ಇಂದಿನ ವಾಹನಗಳ ತರಬೇತಿ’ ಎಂಬ ಫಲಕ ತೂಗುಹಾಕುವ ಶಾಲೆ ಹಿತ್ತಾಳೆಗೆ ಚಿನ್ನದ ನೀರು ಬಳಿದಂತೆ.

ಇವೆಲ್ಲದರ ಹಿಂದೆ ಮತ್ತೊಂದು ವ್ರತದ ಭಂಗವಿದೆ. ಪರಿಗ್ರಹಕ್ಕೆ ಪರಿಮಾಣ ಹಾಕಿಕೊಳ್ಳುವುದು ಗೃಹಸ್ಥನ ಐದನೆಯ ಅಣುವ್ರತ. ಕಸುಬಿನ ಕಲಿಕೆಗೆ ಸಹಜವಾಗಿಯೇ ಒಂದು ಪರಿಮಾಣವಿದೆ: ಎಷ್ಟು ಎಂಜಿನ್, ಎಷ್ಟು ಗುರು, ಎಷ್ಟು ಕೈ. ಆ ಮಿತಿಯನ್ನು ಒಪ್ಪಿಕೊಂಡ ಶಾಲೆಗೆ ಲಾಭವಿದ್ದರೂ ಅದು ಮಿತವಾಗಿರುತ್ತದೆ. ಪ್ರತಿ ಮೂರು ತಿಂಗಳಿಗೊಮ್ಮೆ ಷೇರುದಾರರಿಗೆ ಹಿಂದಿಗಿಂತ ಹೆಚ್ಚಿನ ಅಂಕಿಯನ್ನು ತೋರಿಸಲೇಬೇಕಾದ ಕಂಪನಿಗೆ ಆ ಮಿತಿ ಶತ್ರುವಾಗಿ ಕಾಣುತ್ತದೆ. ಮೊದಲು ಪರಿಮಾಣ ಮುರಿಯುತ್ತದೆ. ಮುರಿದುದನ್ನು ಮುಚ್ಚಲು ಅಳತೆ ಕಿರಿದಾಗುತ್ತದೆ. ಕಿರಿದಾದುದನ್ನು ಮುಚ್ಚಲು ಸುಳ್ಳು ಲೇಖ ಹುಟ್ಟುತ್ತದೆ. ನಡುವೆ ಕೆಟ್ಟುದೇನೆಂಬ ಪ್ರಶ್ನೆಗೆ ಉತ್ತರ ಈ ಕ್ರಮದಲ್ಲಿದೆ.

ಕೊಳ್ಳುವವನು ತೂಗಲಾಗದ ಸರಕು

ಇಲ್ಲಿ ಒಂದು ಆಕ್ಷೇಪ ಬರುತ್ತದೆ. ವಿದ್ಯಾರ್ಥಿ ಹದಿನೆಂಟು ತುಂಬಿದವನು; ಓದಿ, ಕೇಳಿ, ಸಹಿ ಮಾಡಿ ಸೇರಿದವನು. ಒಪ್ಪಿ ಕೊಂಡ ಸರಕು ಚೆನ್ನಾಗಿಲ್ಲದಿದ್ದರೆ ಮಾರಿದವನದೇನು ತಪ್ಪು?

ಈ ಆಕ್ಷೇಪಕ್ಕೆ ಎರಡು ಸಮಾಧಾನಗಳಿವೆ. ಮೊದಲನೆಯದು ಸರಕಿನ ಸ್ವಭಾವದಿಂದ ಬರುವುದು. ಅಕ್ಕಿ ಕೊಳ್ಳುವವನು ನಾಲ್ಕು ಕಾಳನ್ನು ಅಂಗೈಯಲ್ಲಿ ಉಜ್ಜಿ ನೋಡಬಲ್ಲ. ಚಿನ್ನ ಕೊಳ್ಳುವವನಿಗೆ ಒರೆಗಲ್ಲುಂಟು. ವಿದ್ಯೆಯನ್ನು ಕೊಳ್ಳಬಂದವನಿಗೆ ಅಂಥ ಉಪಾಯವಿಲ್ಲ. ಗಿಯರ್‌ಬಾಕ್ಸಿನ ಪಾಠ ಸರಿಯಾಗಿದೆಯೆ ಎಂದು ತಿಳಿಯಬೇಕಾದರೆ ಅವನು ಆಗಲೇ ಗಿಯರ್‌ಬಾಕ್ಸನ್ನು ಬಲ್ಲವನಾಗಿರಬೇಕು. ಬಲ್ಲವನಾಗಿದ್ದರೆ ಶಾಲೆಗೇ ಬರುತ್ತಿರಲಿಲ್ಲ. ಅಜ್ಞಾನವೇ ಅವನನ್ನು ಗಿರಾಕಿಯನ್ನಾಗಿ ಮಾಡಿದೆ. ಇಲ್ಲಿ ತಕ್ಕಡಿ, ತೂಕದ ಕಲ್ಲು, ಸರಕು ಮೂರೂ ಮಾರುವವನ ಕೈಯಲ್ಲಿವೆ. ಕೊಳ್ಳುವವನು ತೂಗಲಾರದೆಡೆಯಲ್ಲಿ ಮಾರುವವನು ತನಗೆ ವಿರುದ್ಧವಾಗಿ ತೂಗಿಕೊಳ್ಳಬೇಕು. ಸಾಮಾನ್ಯ ವಾಣಿಜ್ಯಕ್ಕಿಂತ ವಿದ್ಯಾವಾಣಿಜ್ಯಕ್ಕೆ ಹೊಣೆ ಹೆಚ್ಚಾಗುವುದು ಈ ಕಾರಣದಿಂದ.

ಎರಡನೆಯ ಸಮಾಧಾನ ಇನ್ನೂ ಆಳವಾದುದು. ಸ್ತೇಯವೆಂದರೆ ಅದತ್ತಾದಾನ, ಅಂದರೆ ಕೊಡದುದನ್ನು ತೆಗೆದುಕೊಳ್ಳುವುದು. ವಿದ್ಯಾರ್ಥಿ ಕೈಯಾರೆ ಎಣಿಸಿಕೊಟ್ಟ ಹಣ ‘ಕೊಟ್ಟುದು’ ಅಲ್ಲವೆ ಎಂದು ಕೇಳಬಹುದು. ಕೈ ಕೊಟ್ಟಿತು, ನಿಜ. ಆದರೆ ಮನಸ್ಸು ಕೊಟ್ಟುದು ಕೌಶಲಕ್ಕಾಗಿ. ಕೌಶಲವಿಲ್ಲದ ಪ್ರಮಾಣಪತ್ರಕ್ಕಾಗಿ ಅವನು ಏನನ್ನೂ ಕೊಟ್ಟಿಲ್ಲ. ಆದ್ದರಿಂದ ಕಲಿಸದೆ ಉಳಿಸಿಕೊಂಡ ಶುಲ್ಕ ಹೊರನೋಟಕ್ಕೆ ದತ್ತವಾದರೂ ಪರಮಾರ್ಥದಲ್ಲಿ ಅದತ್ತ. ರಸೀದಿ ಅದನ್ನು ನ್ಯಾಯವಾಗಿಸಲಾರದು. ಜೊತೆಗೆ ಹಣಕ್ಕಿಂತ ದೊಡ್ಡದೊಂದನ್ನು ಅವನು ತೆತ್ತಿರುತ್ತಾನೆ: ಕಸುಬು ಕೈಗೆ ಹತ್ತುವ ವಯಸ್ಸಿನ ಒಂದೆರಡು ವರ್ಷ. ಅಮೆರಿಕದ ಸರ್ಕಾರ ಸಾಲವನ್ನು ಮನ್ನಾ ಮಾಡಿತು; ಆ ವರ್ಷಗಳನ್ನು ಮರಳಿಸಲು ಯಾವ ಸರ್ಕಾರಕ್ಕೂ ಸಾಧ್ಯವಿಲ್ಲ.

ಇದಕ್ಕಿಂತ ಕಠಿನವಾದ ಪ್ರಶ್ನೆ ಮತ್ತೊಂದಿದೆ. ಶಾಲೆ ಸುಳ್ಳಾಡುವುದಿಲ್ಲ, ಗಂಟೆ ಕಡಿಮೆ ಮಾಡುವುದಿಲ್ಲ. ಆದರೆ ಎದುರಿಗೆ ನಿಂತ ಹುಡುಗನಿಗೆ ಈ ಕಸುಬು ಒಗ್ಗದೆಂದೂ, ಅವನ ತಂದೆ ಸಾಲದಿಂದ ಏಳಲಾರನೆಂದೂ ಕಂಡೂ ಸೇರಿಸಿಕೊಳ್ಳುತ್ತದೆ. ಇಲ್ಲಿ ಯಾವ ಅತಿಚಾರವನ್ನೂ ಬೆರಳಿಟ್ಟು ತೋರಿಸಲಾಗದು. ಕಾನೂನೂ ಮೌನವಾಗಿರುತ್ತದೆ. ಆದರೂ ಗುರುವಿನ ಪೀಠದಲ್ಲಿ ಕುಳಿತವನು ವ್ಯಾಪಾರಿ ಮಾತ್ರನಲ್ಲ. ಬಲ್ಲವನ ಮೌನದಿಂದ ಅರಿಯದವನು ಕೆಡುವನೆಂದಾದರೆ, ಆ ಮೌನದಲ್ಲಿ ಅನುಕಂಪೆಯ ಅಭಾವವಿದೆ. ಅನುಕಂಪೆ ಸಮ್ಯಗ್ದರ್ಶನದ ಲಕ್ಷಣಗಳಲ್ಲೊಂದು. ಅದಿಲ್ಲದೆಡೆ ವ್ರತಗಳ ಲೆಕ್ಕ ಸರಿಯಿದ್ದರೂ ಬುಡ ಸಡಿಲ. ‘ಮಗು, ನಿನಗೆ ಇದು ಬೇಡ’ ಎಂದು ಒಂದು ಶುಲ್ಕವನ್ನು ಬಿಟ್ಟುಕೊಡುವ ಧೈರ್ಯವೇ ಶಾಲೆಗೂ ಅಂಗಡಿಗೂ ಇರುವ ಅಂತರ.

ಮೂರನೆಯವನ ಪ್ರಾಣ

ಧಾನ್ಯದ ತೂಕದಲ್ಲಿ ಮೋಸವಾದರೆ ನಷ್ಟ ಕೊಂಡವನಿಗೆ ಮಾತ್ರ. ಕಸುಬಿನ ವಿದ್ಯೆಯಲ್ಲಿ ಮೋಸವಾದರೆ ನಷ್ಟ ಅಲ್ಲಿಗೇ ನಿಲ್ಲುವುದಿಲ್ಲ. ಬ್ರೇಕಿನ ದ್ರವವನ್ನು ಬದಲಿಸುವಾಗ ಕೊಳವೆಯಲ್ಲಿ ಗಾಳಿ ಉಳಿದರೆ ಪೆಡಲ್ ಒತ್ತಿದಾಗ ಗಾಳಿ ಕುಗ್ಗುತ್ತದೆ, ಚಕ್ರ ನಿಲ್ಲುವುದಿಲ್ಲ. ಚಕ್ರದ ನಟ್ಟುಗಳನ್ನು ನಿಗದಿತ ಬಲದಿಂದ ಬಿಗಿಯದಿದ್ದರೆ ಅವು ಓಟದಲ್ಲಿ ಸಡಿಲವಾಗುತ್ತವೆ. ವಿದ್ಯುತ್ ವಾಹನಗಳಲ್ಲಿ ನೂರಾರು ವೋಲ್ಟಿನ ಬ್ಯಾಟರಿಯನ್ನು ಮೊದಲು ಬೇರ್ಪಡಿಸದೆ ಕೈಯಿಟ್ಟವನ ಪ್ರಾಣವೇ ಹೋದೀತು. ಅರೆಬೆಂದ ತರಬೇತಿಯ ಪ್ರಮಾಣಪತ್ರ ಹಿಡಿದು ಹೊರಬಂದವನು ದುರಸ್ತಿ ಮಾಡಿದ ಬಸ್ಸಿನಲ್ಲಿ ಕುಳಿತವರಿಗೆ ಆ ಶಾಲೆಯ ಹೆಸರೂ ತಿಳಿದಿರುವುದಿಲ್ಲ.

ಹಿಂಸೆಯ ಲಕ್ಷಣದಲ್ಲಿ ಆಚಾರ್ಯರು ಪ್ರಮಾದಕ್ಕೆ ಪ್ರಧಾನ ಸ್ಥಾನ ಕೊಟ್ಟಿದ್ದಾರೆ. ಗೃಹಸ್ಥನ ಉದ್ಯೋಗದಲ್ಲಿ ಅನಿವಾರ್ಯವಾಗಿ ಆಗುವ ಉದ್ಯೋಗೀ ಹಿಂಸೆ ಒಂದು ಬಗೆ. ಲೋಭದಿಂದ ಹುಟ್ಟಿದ ಅಜಾಗ್ರತೆಯಿಂದ ಆಗುವ ಹಾನಿ ಮತ್ತೊಂದು ಬಗೆ. ಕಲಿಸಬೇಕಾದುದನ್ನು ಕಲಿಸದೆ ಬಿಟ್ಟ ಶಾಲೆ ಎರಡನೆಯ ಬಗೆಯ ಹಿಂಸೆಗೆ ಕಾರಣವಾಗುತ್ತದೆ. ಹೀಗೆ ಅಸತ್ಯದಿಂದ ಆರಂಭವಾದುದು ಹಿಂಸೆಯಲ್ಲಿ ಮುಗಿಯುತ್ತದೆ. ಐದು ಅಣುವ್ರತಗಳು ಒಂದನ್ನೊಂದು ಕಾಯುತ್ತವೆಂಬ ಮಾತಿಗೆ ಇದು ಪ್ರತ್ಯಕ್ಷ ಸಾಕ್ಷಿ.

ಇನ್ನು ವಾಹನದ ಕಸುಬೇ ಶ್ರಾವಕನಿಗೆ ಸಲ್ಲುವುದೆ ಎಂಬ ಶಂಕೆಯೂ ಕೆಲವರಿಗುಂಟು. ಹದಿನೈದು ಖರಕರ್ಮಗಳ ಪಟ್ಟಿಯಲ್ಲಿ ಗಾಡಿಗಳನ್ನು ಮಾಡಿ ಮಾರುವ ಶಕಟಜೀವಿಕೆಯೂ ಸೇರಿದೆ. ಆ ನಿಷೇಧದ ಹಿನ್ನೆಲೆಯಲ್ಲಿ ನೊಗಕ್ಕೆ ಕಟ್ಟಿದ ಎತ್ತಿನ ನೋವೂ ಚಕ್ರದಡಿಯಲ್ಲಿ ಸಿಕ್ಕುವ ಜೀವಿಗಳ ನಾಶವೂ ಇವೆ. ಯಂತ್ರವಾಹನದಲ್ಲಿ ಎತ್ತಿನ ನೋವಿಲ್ಲ, ಆದರೆ ಚಕ್ರ ಇದ್ದೇ ಇದೆ. ಪಂಡಿತ ಆಶಾಧರರು ಈ ಪಟ್ಟಿಯನ್ನು ಉಲ್ಲೇಖಿಸಿದರೂ, ಸಾವದ್ಯಕರ್ಮಗಳು ಅಸಂಖ್ಯವಾದುದರಿಂದ ಎಣಿಸಿ ಮುಗಿಸಲಾಗದೆಂಬ ಅಭಿಪ್ರಾಯವನ್ನೂ ವ್ಯಕ್ತಪಡಿಸಿದ್ದಾರೆ. ಪಟ್ಟಿಗಿಂತ ವಿವೇಕ ಮುಖ್ಯವೆಂಬುದು ಇದರ ತಾತ್ಪರ್ಯ. ಇರುವ ವಾಹನ ಸರಿಯಾಗಿ ನಿಲ್ಲುವಂತೆ, ಕಡಿಮೆ ಹೊಗೆ ಉಗುಳುವಂತೆ ಮಾಡುವ ದುರಸ್ತಿಯ ಕಸುಬು ಹಿಂಸೆಯನ್ನು ತಗ್ಗಿಸುವ ಕಸುಬು. ಅದನ್ನು ಚೆನ್ನಾಗಿ ಕಲಿಸುವುದು ಅಭಯದಾನಕ್ಕೆ ದೂರವಾದುದಲ್ಲ.

ಕನ್ನಡ ನಾಡಿನ ಅನುಭವ

ಭಾರತದಲ್ಲಿ ಕುಶಲಕರ್ಮಿಗಳ ತರಬೇತಿ ಯೋಜನೆ ೧೯೫೦ರಲ್ಲಿ ಆರಂಭವಾಯಿತು. ಕೈಗಾರಿಕಾ ತರಬೇತಿ ಸಂಸ್ಥೆಗಳು, ಅಂದರೆ ಐ.ಟಿ.ಐ.ಗಳು, ಅದರ ಅಂಗಗಳು. ಶಿಶಿಕ್ಷುಗಳ ಕಾಯಿದೆ ೧೯೬೧ರಲ್ಲಿ ಬಂತು. ಇಂದು ದೇಶದ ಐ.ಟಿ.ಐ.ಗಳಲ್ಲಿ ಮುಕ್ಕಾಲಿಗೂ ಹೆಚ್ಚು ಖಾಸಗಿಯವು. ಎರಡು ವರ್ಷದ ಮೋಟಾರು ವಾಹನ ಮೆಕ್ಯಾನಿಕ್, ಒಂದು ವರ್ಷದ ಡೀಸೆಲ್ ಮೆಕ್ಯಾನಿಕ್ ಕಲಿಕೆಗೆ ಸೇರುವ ಬಡ ಮಕ್ಕಳಲ್ಲಿ ಅನೇಕರ ಪಾಲಿಗೆ ಶಾಲೆಯ ಒಡೆಯನ ತಕ್ಕಡಿಯೇ ವಿಧಿ.

ಶಿಕ್ಷಣದಲ್ಲಿ ಲಾಭದ ಮೇರೆ ಯಾವುದು ಎಂಬ ಚರ್ಚೆ ಈ ದೇಶದಲ್ಲಿ ಬಹುಪಾಲು ಕರ್ನಾಟಕದ ಮೂಲಕವೇ ಸರ್ವೋಚ್ಚ ನ್ಯಾಯಾಲಯವನ್ನು ತಲಪಿತು. ಕ್ಯಾಪಿಟೇಷನ್ ಶುಲ್ಕವನ್ನು ನಿಷೇಧಿಸುವ ಕಾಯಿದೆಯನ್ನು ರಾಜ್ಯವು ೧೯೮೪ರಲ್ಲಿ ತಂದಿತು. ೧೯೯೨ರಲ್ಲಿ ಮೋಹಿನಿ ಜೈನ್ ಪ್ರಕರಣದಲ್ಲಿ ಅಂಥ ಶುಲ್ಕ ಸಲ್ಲದೆಂದು ನ್ಯಾಯಾಲಯ ಹೇಳಿತು. ೧೯೯೩ರ ಉನ್ನಿಕೃಷ್ಣನ್ ತೀರ್ಪು ಶಿಕ್ಷಣ ವ್ಯಾಪಾರವಾಗಲಾರದೆಂದಿತು. ೨೦೦೨ರ ಅಕ್ಟೋಬರ್ ೩೧ರಂದು ಟಿ.ಎಂ.ಎ. ಪೈ ಪ್ರತಿಷ್ಠಾನದ ಪ್ರಕರಣದಲ್ಲಿ ೧೧ ನ್ಯಾಯಮೂರ್ತಿಗಳ ಪೀಠ, ಶಿಕ್ಷಣ ಸಂಸ್ಥೆ ತನ್ನ ಬೆಳವಣಿಗೆಗೆ ಬೇಕಾದ ಯುಕ್ತವಾದ ಉಳಿತಾಯವನ್ನು ಗಳಿಸಬಹುದು, ಲಾಭಕೋರತನ ಮಾತ್ರ ಕೂಡದು ಎಂಬ ಮಧ್ಯಮ ಮಾರ್ಗವನ್ನು ತೋರಿತು. ಪರಿಮಾಣವ್ರತದ ಧ್ವನಿಯೇ ಇಲ್ಲಿ ನ್ಯಾಯಶಾಸ್ತ್ರದ ಭಾಷೆಯಲ್ಲಿ ಕೇಳಿಸುತ್ತದೆ.

ಲಾಭವಿಲ್ಲದೆ ಕಸುಬು ಕಲಿಸಿದ ನಿದರ್ಶನಗಳೂ ನಾಡಿನಲ್ಲಿವೆ. ಶ್ರೀ ಕ್ಷೇತ್ರ ಧರ್ಮಸ್ಥಳದ ಡಾ. ಡಿ. ವೀರೇಂದ್ರ ಹೆಗ್ಗಡೆಯವರ ನೇತೃತ್ವದಲ್ಲಿ, ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕುಗಳ ಸಹಯೋಗದಿಂದ ೧೯೮೨ರಲ್ಲಿ ಉಜಿರೆಯಲ್ಲಿ ಆರಂಭವಾದ ರುಡ್‌ಸೆಟ್ ಸಂಸ್ಥೆ ಗ್ರಾಮೀಣ ಯುವಜನರಿಗೆ ಊಟ ವಸತಿಯೊಡನೆ ಉಚಿತವಾಗಿ ಸ್ವಉದ್ಯೋಗದ ಅಲ್ಪಾವಧಿ ತರಬೇತಿ ನೀಡುತ್ತ ಬಂದಿದೆ. ಇದರ ಮಾದರಿಯನ್ನು ಕೇಂದ್ರ ಸರ್ಕಾರ ೨೦೦೯ರಿಂದ ದೇಶದ ಜಿಲ್ಲೆಗಳಿಗೆ ವಿಸ್ತರಿಸಿತು. ಬಿಡದಿಯಲ್ಲಿ ೨೦೦೭ರಲ್ಲಿ ಟೊಯೋಟ ಕಂಪನಿ ತೆರೆದ ತಾಂತ್ರಿಕ ತರಬೇತಿ ಸಂಸ್ಥೆ ಗ್ರಾಮೀಣ ಬಡ ವಿದ್ಯಾರ್ಥಿಗಳಿಗಾಗಿಯೇ ಮೀಸಲಾಗಿ ಹುಟ್ಟಿತು. ವಾಹನದ ಕಂಪನಿಗೆ ನುರಿತ ಕೈಗಳು ಬೇಕು. ಆದ್ದರಿಂದ ಕಲಿಕೆ ಹುಸಿಯಾದರೆ ಮೊದಲ ನಷ್ಟ ಕಲಿಸಿದವನಿಗೇ. ತಕ್ಕಡಿ ನೆಟ್ಟಗಿರುವುದಕ್ಕೆ ಇದೂ ಒಂದು ಉಪಾಯ.

ಆದರೆ ಉಚಿತವೆಂದ ಮಾತ್ರಕ್ಕೆ ಶುದ್ಧವೆಂದು ತಿಳಿಯಬಾರದು. ಸಂಬಳ ಪಡೆದು ತರಗತಿಗೆ ಬಾರದ ಬೋಧಕ, ಬೀಗ ತೆಗೆಯದ ಕಾರ್ಯಾಗಾರ, ದಾನಿಯ ಹೆಸರು ಕೆತ್ತಿದ ಕಲ್ಲಿನ ಹಿಂದೆ ತುಕ್ಕು ಹಿಡಿಯುವ ಯಂತ್ರ, ಇವು ಧರ್ಮಾರ್ಥ ಸಂಸ್ಥೆಗಳಲ್ಲಿಯೂ ಉಂಟಾಗಬಹುದು. ಅಲ್ಲಿ ಹಣ ಕಳುವಾಗದಿದ್ದರೂ ಕಾಲ ಕಳುವಾಗುತ್ತದೆ. ಲಾಭದ ಶಾಲೆಗೆ ಲೋಭ ಶತ್ರು. ಉಚಿತ ಶಾಲೆಗೆ ಪ್ರಮಾದ ಶತ್ರು. ಎರಡರ ಪರೀಕ್ಷೆಯೂ ಒಂದೇ: ಒಳಗೆ ಬಂದ ಹುಡುಗ ಹೊರಗೆ ಹೋಗುವಾಗ ಅವನ ಕೈಗೆ ಏನು ಬಂದಿದೆ?

ಟ್ರಸ್ಟುಗಳ ಮತ್ತು ಕುಟುಂಬಗಳ ಕರ್ತವ್ಯ

ಕರ್ಮಬಂಧಕ್ಕೆ ಕೃತ, ಕಾರಿತ, ಅನುಮೋದನ ಎಂಬ ಮೂರು ದ್ವಾರಗಳುಂಟು. ತಾನು ಮಾಡದಿದ್ದರೂ ಮಾಡಿಸಿದರೆ, ಮಾಡುವವನನ್ನು ಒಪ್ಪಿದರೆ, ಬಂಧ ತಪ್ಪುವುದಿಲ್ಲ. ಬಸದಿಯ ಟ್ರಸ್ಟು ತನ್ನ ಕಟ್ಟಡವನ್ನು ಖಾಸಗಿ ತರಬೇತಿ ಶಾಲೆಗೆ ಬಾಡಿಗೆಗೆ ಕೊಟ್ಟಾಗ, ಬಾಡಿಗೆ ಸಕಾಲಕ್ಕೆ ಬರುತ್ತಿದೆಯೆಂಬ ಒಂದೇ ವಿಚಾರಣೆ ಸಾಲದು. ಆ ಬಾಡಿಗೆಯಿಂದ ನಿತ್ಯಾಭಿಷೇಕ ನಡೆಯುತ್ತಿರಬಹುದು. ಮೇಲಣ ಮಹಡಿಯಲ್ಲಿ ಬಡವನ ಮಗ ಕಲಿಯದೆ ಶುಲ್ಕ ತೆರುತ್ತಿದ್ದರೆ ಆ ಹಾಲಿನಲ್ಲಿ ಅವನ ತಂದೆಯ ಸಾಲವೂ ಬೆರೆತಿರುತ್ತದೆ. ಶಿಕ್ಷಣ ಕಂಪನಿಗಳ ಷೇರು ಕೊಳ್ಳುವ ಕುಟುಂಬಗಳಿಗೂ ಇದೇ ಮಾತು ಸ್ವಲ್ಪ ದೂರದಿಂದ ಅನ್ವಯಿಸುತ್ತದೆ.

ಆದ್ದರಿಂದ ಶಾಲೆ ನಡೆಸುವ, ಸ್ಥಳ ಕೊಡುವ, ಹಣ ತೊಡಗಿಸುವ, ಮಕ್ಕಳನ್ನು ಕಳಿಸುವ ಎಲ್ಲರೂ ಕೆಲವು ಪ್ರಶ್ನೆಗಳನ್ನು ಮೊದಲೇ ಕೇಳುವುದು ಯುಕ್ತ. ಒಂದು, ಒಂದು ಎಂಜಿನ್ನಿಗೆ, ಒಬ್ಬ ಬೋಧಕನಿಗೆ ಎಷ್ಟು ವಿದ್ಯಾರ್ಥಿಗಳು? ಎರಡು, ವಾರದಲ್ಲಿ ಕೈಕೆಲಸದ ಗಂಟೆಗಳು ಎಷ್ಟು, ಅವು ನಿಜವಾಗಿ ನಡೆಯುತ್ತವೆಯೆ? ಮೂರು, ಕಳೆದ ವರ್ಷ ಸೇರಿದವರಲ್ಲಿ ಎಷ್ಟು ಮಂದಿ ಮುಗಿಸಿದರು, ಮುಗಿಸಿದವರಲ್ಲಿ ಎಷ್ಟು ಮಂದಿ ಕಲಿತ ಕಸುಬಿನಲ್ಲಿಯೇ ಆರು ತಿಂಗಳ ಮೇಲೂ ಉಳಿದಿದ್ದಾರೆ? ನಾಲ್ಕು, ನಡುವೆ ಬಿಡಬೇಕಾಗಿ ಬಂದವನಿಗೆ, ಅಥವಾ ಶಾಲೆಯೇ ಮುಚ್ಚಿದರೆ, ಉಳಿದ ಶುಲ್ಕ ಮರಳುವುದೆ? ಐದು, ಉಳಿತಾಯದಲ್ಲಿ ಎಷ್ಟು ಪಾಲು ಮತ್ತೆ ಕಾರ್ಯಾಗಾರಕ್ಕೆ ಹೋಗುತ್ತದೆ? ಆರು, ಶಾಲೆ ನಡೆಸುವವರು ತಮ್ಮ ಸ್ವಂತ ಮಗನನ್ನು ಇದೇ ಶುಲ್ಕ ಕೊಟ್ಟು ಇಲ್ಲಿಗೆ ಕಳಿಸುವರೆ? ಅಮೆರಿಕದ ೧೯೫೨ರ ನಿಯಮದ ಸಾರ ಈ ಕಡೆಯ ಪ್ರಶ್ನೆಯಲ್ಲಿದೆ. ಬಾಡಿಗೆಯ ಕರಾರಿನಲ್ಲಿಯೇ ಈ ಅಂಶಗಳನ್ನು ಸೇರಿಸಲು ಟ್ರಸ್ಟುಗಳಿಗೆ ಅಡ್ಡಿಯೇನೂ ಇಲ್ಲ. ಬೇರೆಡೆ ಚೆನ್ನಾಗಿ ಕಲಿಸುವ ಶಾಲೆಗೆ ಸೇರಿದ ಬಡ ವಿದ್ಯಾರ್ಥಿಯ ಶುಲ್ಕವನ್ನು ಭರಿಸುವುದೂ ಹೊಸ ಕಟ್ಟಡ ಕಟ್ಟುವುದಕ್ಕಿಂತ ಎಷ್ಟೋ ವೇಳೆ ಮೇಲಾದ ದಾನ.

ವಿದ್ಯೆ, ವಾಣಿಜ್ಯ, ಶಿಲ್ಪ ಮೂರೂ ಆದಿದೇವರು ತೋರಿದ ದಾರಿಗಳೇ. ಅವು ಒಂದೆಡೆ ಕೂಡಬಾರದೆಂದಿಲ್ಲ. ಕೂಡಿದಾಗ ವಾಣಿಜ್ಯವು ವಿದ್ಯೆಯ ನಿಯಮಕ್ಕೆ ಬಾಗಬೇಕೇ ಹೊರತು, ವಿದ್ಯೆಯು ವಾಣಿಜ್ಯದ ನಿಯಮಕ್ಕೆ ಬಾಗಬಾರದು. ಅಂಗಡಿಯ ತಕ್ಕಡಿಯನ್ನು ಪರೀಕ್ಷಿಸಿ ಮುದ್ರೆಯೊತ್ತಲು ಸರ್ಕಾರದ ಅಧಿಕಾರಿಗಳು ಬರುತ್ತಾರೆ. ವಿದ್ಯೆಯ ತಕ್ಕಡಿಗೆ ಮುದ್ರೆಯೊತ್ತಬೇಕಾದುದು ಅದನ್ನು ಹಿಡಿದವನ ವ್ರತ. ಶ್ರಾವಕನ ಹೆಸರು ಹೊತ್ತವರು ಹಿಡಿದ ತಕ್ಕಡಿಯಲ್ಲಿ ಆ ಮುದ್ರೆ ಇದೆಯೆಂದು ಊರಿನ ಬಡ ತಂದೆಯೊಬ್ಬ ವಿಚಾರಿಸದೆಯೇ ನಂಬುವಂತಾದರೆ, ಧರ್ಮಪ್ರಭಾವನೆಗೆ ಅದಕ್ಕಿಂತ ಮಿಗಿಲಾದ ಉತ್ಸವ ಬೇಕಿಲ್ಲ.